ಬಡಿಸುವ ಊರಿನಲ್ಲಿ ಅಕ್ಕನ ಒಂದು ವರ್ಷ

ಕದ್ರಿ ಮಂಜುನಾಥನ ಕೆರೆಗಳನ್ನು ದಾಟಿ ಜೋಗಿ ಮಠದ ಕಡೆಗೆ ಏರುವ ಮೆಟ್ಟಿಲುಗಳಲ್ಲಿ ಅಕ್ಕ ನನಗಿಂತ ಮುಂದಿದ್ದಾಳೆ. ಮೇ ತಿಂಗಳ ಬೆಳಗು. ಬಿಸಿಲು ಇನ್ನೂ ಮರಗಳ ನೆತ್ತಿಯಲ್ಲೇ ಇದೆ, ನಮ್ಮ ಬೆನ್ನು ಆಗಲೇ ತೊಯ್ದಿದೆ. ಹಿಂದಿನಿಂದ ನೋಡಿದರೆ ನಿಮಗೆ ಕಾಣುವುದು ಹೆಗಲಿನಿಂದ ಚೂಡಿದಾರ ಜಾರುತ್ತಿರುವ, ನಡುವಯಸ್ಸಿನ, ಸ್ವಲ್ಪ ತೋರದ ಒಬ್ಬ ಹೆಂಗಸು. ಕೈಯಲ್ಲಿ ಸ್ಟೀಲಿನ ಬಾಟ್ಲಿ. ನಾಲ್ಕು ಮೆಟ್ಟಿಲು ಹತ್ತಿದರೆ ಒಂದು ಗುಟುಕು, ಮತ್ತೆ ನಾಲ್ಕು, ಮತ್ತೊಂದು ಗುಟುಕು. ದಣಿದು ನಿಲ್ಲುತ್ತಿದ್ದಾಳೆ ಅಂದುಕೊಳ್ಳಬೇಡಿ. ಒಂದು ಚೊಂಬು ನೀರನ್ನು ಗಟಗಟ ಕುಡಿಯುವ ಸುಖ ಅವಳಿಗೆ ಈಗ ಇಲ್ಲ. ಊಟದ ಜೊತೆ ಕುಡಿಯುವಂತಿಲ್ಲ, ಊಟವಾಗಿ ಅರ್ಧ ಗಂಟೆಯವರೆಗೆ ಮುಟ್ಟುವಂತಿಲ್ಲ, ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ದಿನದ ನೀರು ಹೊಟ್ಟೆ ಸೇರಬೇಕು. ಮಂಗಳೂರಿನ ಮೇ ತಿಂಗಳಲ್ಲಿ, ಸುಮ್ಮನೆ ಕೂತರೂ ಬೆವರು ಹರಿಯುವ ಈ ಸೆಕೆಯಲ್ಲಿ, ಅದು ದಿನವಿಡೀ ಮಾಡುವ ಕೆಲಸ.

ಕಳೆದ ವರ್ಷ ಅವಳು ಪಾಠ ಮಾಡುವ ಶಾಲೆಗೆ ಬೇಸಗೆ ರಜೆ ಸಿಕ್ಕಿದ ಮೇಲೆ ತೂಕ ಇಳಿಸುವ ಆಪರೇಷನ್ ಆಯಿತು. ಆಗ ಅವಳ ತೂಕ 118 ಕಿಲೋ, ಬಿಎಂಐ 48ರ ಹತ್ತಿರ. ದಿನಕ್ಕೆ ಎರಡು ಸಲ ಇನ್ಸುಲಿನ್. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟದಂತೆ ಮೂಗಿಗೆ ಸಿಪ್ಯಾಪ್ ಯಂತ್ರ. ದೇವಸ್ಥಾನಕ್ಕೆ ಬಂದರೆ ಅಂಗಣದಲ್ಲೇ ಕೈಮುಗಿದು ಹಿಂದಿರುಗುತ್ತಿದ್ದಳು, ಈ ಮೆಟ್ಟಿಲುಗಳ ಕಡೆ ನೋಡುತ್ತಲೂ ಇರಲಿಲ್ಲ. ಈಗ 79 ಕಿಲೋ. ಇನ್ಸುಲಿನ್ ನಿಂತಿದೆ, ರಾತ್ರಿಯೊಂದು ಮಾತ್ರೆ ಮಾತ್ರ ಉಳಿದಿದೆ. ಯಂತ್ರ ಅಟ್ಟ ಸೇರಿದೆ. ಪುಸ್ತಕದ ಲೆಕ್ಕದಲ್ಲಿ ಅವಳು ಇವತ್ತಿಗೂ ಬೊಜ್ಜಿನವಳೇ. ನಮ್ಮವರ ಮೈಕಟ್ಟಿಗೆ ಬಿಎಂಐ 25 ದಾಟಿದರೆ ಬೊಜ್ಜು ಅನ್ನುತ್ತಾರೆ, ಅವಳದ್ದು 32. ಆದರೆ ಮಂಡಿ ಆ ಲೆಕ್ಕ ಕೇಳುವುದಿಲ್ಲ. ಅದು ಅವಳನ್ನು ಮೇಲಿನವರೆಗೆ ಹತ್ತಿಸುತ್ತಿದೆ.

ಮಾಡಿದ್ದು ಸ್ಲೀವ್ ಆಪರೇಷನ್. ಹೊಟ್ಟೆಗೆ ಸಣ್ಣ ತೂತುಗಳನ್ನು ಮಾಡಿ, ಒಳಗಿಳಿಸಿದ ಕ್ಯಾಮೆರಾದಲ್ಲಿ ನೋಡುತ್ತಾ, ಜಠರದ ಹೊರಬದಿಯ ಮುಕ್ಕಾಲಿಗಿಂತ ಹೆಚ್ಚು ಭಾಗವನ್ನು ಕತ್ತರಿಸಿ ಸ್ಟೇಪಲ್ ಹಾಕಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಅದರಲ್ಲಿ ಹಿಡಿಯುವುದು ಅರ್ಧ ಲೋಟ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ತೆಗೆದುಹಾಕಿದ ಆ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಅಕ್ಕನಿಗೆ ಹಸಿವೆಂಬುದೇ ಇರಲಿಲ್ಲ. ಗಂಜಿ ತಿಳಿ, ಬೊಂಡದ ನೀರು, ಬೇಳೆಕಟ್ಟು, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದ್ದು. ಗಡಿಯಾರ ನೋಡಿ ಚಮಚದಲ್ಲಿ ತಿನ್ನುತ್ತಿದ್ದಳು. ಹೊರಗೆ ಮಳೆ ಹಿಡಿದಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಪೇಟೆಯಲ್ಲಿ ಒಳ್ಳೆಯ ಮೀನೂ ಇರಲಿಲ್ಲ. ಆಗಸ್ಟ್ ಕಳೆದು ಬಂದರಿಗೆ ಬಂಗುಡೆ ಬಂದಾಗ ಅಮ್ಮ ಖಾರ ಕಡಿಮೆ ಮಾಡಿ ಪುಳಿಮುಂಚಿ ಮಾಡಿದರು. ಅಕ್ಕ ಮುಳ್ಳು ಬಿಡಿಸಿ ಎರಡು ಬೆರಳಿನಷ್ಟು ತಿಂದು, ಸಾಕು ಅಂತ ಕೈ ತೊಳೆದು, ಅಡುಗೆಮನೆಯ ಬಾಗಿಲಿಗೆ ಒರಗಿ ಅತ್ತಳು. ರುಚಿ ಹಾಗೇ ಇತ್ತಂತೆ.

ಈಗ ಮದುವೆ ಹಾಲಿಗೆ ಬನ್ನಿ. ಮಧ್ಯಾಹ್ನ ಹನ್ನೆರಡೂವರೆ. ಧಾರೆ ಮುಗಿದಿದೆ, ನಾದಸ್ವರ ಇನ್ನೂ ನಿಂತಿಲ್ಲ. ಬೆಳಿಗ್ಗೆ ಮೆಟ್ಟಿಲಲ್ಲಿ ನೋಡಿದ ಹೆಂಗಸೇ ಇವಳೇನು ಅನ್ನಿಸೀತು ನಿಮಗೆ. ಹಸಿರು ಸೀರೆ, ತಲೆಯಲ್ಲಿ ಒಂದು ತುಂಡು ಶಂಕರಪುರ ಮಲ್ಲಿಗೆ. ಆ ತುಂಡಿಗೂ ಒಂದು ಕತೆ ಉಂಟು. ಆಪರೇಷನ್ನಿನ ನಾಲ್ಕನೇ ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರತೊಡಗಿತು. ತೂಕ ಬೇಗ ಇಳಿದಾಗ, ಪ್ರೋಟೀನು ಸಾಲದೆ ಹೋದಾಗ ಹಾಗಾಗುತ್ತದೆ, ಮತ್ತೆ ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೇಳಿದ್ದು ಬೇರೆ, ಬಚ್ಚಲಿನ ಜಾಲರಿಯಲ್ಲಿ ನೋಡುವುದು ಬೇರೆ. ನವರಾತ್ರಿಗೆ ಕುದ್ರೋಳಿಗೆ ಹೋಗುವಾಗ ಹೂವಿನ ಪಿನ್ನು ನಿಲ್ಲುವಷ್ಟು ಕೂದಲು ಇರಲಿಲ್ಲ. ಈಗ ಹಣೆಯ ಅಂಚಿನಲ್ಲಿ ಹೊಸ ಕೂದಲು ಗಿಡ್ಡಗಿಡ್ಡವಾಗಿ ನಿಂತಿದೆ.

"ಎಂತ ಮಗಾ, ಮುಖದಲ್ಲಿ ಕಳೆಯೇ ಇಲ್ಲ! ಷುಗರ್ ಜೋರಾಯ್ತಾ?" ದೊಡ್ಡಮ್ಮ ಅಕ್ಕನ ಎರಡೂ ಕೆನ್ನೆ ಹಿಡಿದು ಕೇಳುತ್ತಾರೆ. ಎರಡು ವರ್ಷದ ಹಿಂದೆ ಇಂಥದ್ದೇ ಹಾಲಿನಲ್ಲಿ ಇದೇ ದೊಡ್ಡಮ್ಮ, "ಸ್ವಲ್ಪ ಬಾಯಿ ಕಟ್ಟು ಮಾರಾಯ್ತಿ" ಅಂದಿದ್ದರು. ಆಗಲೂ ಪ್ರೀತಿಯಿಂದಲೇ.

"ಇಲ್ಲ ದೊಡ್ಡಮ್ಮ, ಹುಷಾರಿದ್ದೇನೆ. ಹೊಟ್ಟೆಯ ಆಪರೇಷನ್ ಮಾಡಿಸಿದ್ದು."

ಸುತ್ತಲಿನ ಮಾತು ಗಕ್ಕನೆ ನಿಲ್ಲುತ್ತದೆ. ಮೊದಲ ಆರು ತಿಂಗಳು ಅಕ್ಕ ಹೀಗೆ ಹೇಳುತ್ತಿರಲಿಲ್ಲ. ವಾಕಿಂಗ್, ಡಯಟ್ ಎನ್ನುತ್ತಿದ್ದಳು. ಈಗ ಮುಚ್ಚಿಡುವುದಿಲ್ಲ. ಹಿಂದಿನ ಸಾಲಿನಿಂದ ಚಿಕ್ಕಮ್ಮನ ದನಿ: "ಆ ಸೀರಿಯಲ್ಲಿನ ಹುಡುಗಿ ಸತ್ತದ್ದು ಇದರಲ್ಲೇ ಅಲ್ವಾ?"

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ನಟಿ ಚೇತನಾ ರಾಜ್ ಅವರ ಕುರಿತ ಮಾತು ಅದು. ಆಕೆಗೆ 21 ವರ್ಷ. ಕರುಳು ಹಿಂಡುವ ಸಾವು. ಆದರೆ ಅಲ್ಲಿ ನಡೆದದ್ದು ಮೈಯ ಕೊಬ್ಬು ತೆಗೆಯುವ, ರೂಪಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆ. ಜಠರವನ್ನು ಕಿರಿದು ಮಾಡಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಸಿರು ಕಟ್ಟುವಿಕೆಗಳನ್ನು ಇಳಿಸಲು ಮಾಡುವ ಆಪರೇಷನ್ನೇ ಬೇರೆ. ಇದರಲ್ಲಿ ಅಪಾಯ ಇಲ್ಲವೆಂದಲ್ಲ. ಹೊಲಿಗೆ ಸೋರಬಹುದು, ರಕ್ತ ಹೆಪ್ಪುಗಟ್ಟಬಹುದು. ಅಕ್ಕ ಎರಡೂ ಆಪರೇಷನ್ನಿನ ವ್ಯತ್ಯಾಸವನ್ನು ಪಾಠ ಹೇಳುವ ದನಿಯಲ್ಲಿ ಚಿಕ್ಕಮ್ಮನಿಗೆ ಬಿಡಿಸಿ ಹೇಳುತ್ತಾಳೆ. ಚಿಕ್ಕಮ್ಮ ಕೇಳಿ, "ಆದರೂ ಮಗಾ, ಬಾಯಿ ಕಟ್ಟಿದ್ದರೆ ಸಾಕಿತ್ತಲ್ಲ, ಇದು ಸುಲಭದ ದಾರಿ" ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಸುಲಭವೇ? ಮುಂದೆ ಎಲೆ ಹಾಕುತ್ತಿದ್ದಾರೆ. ಅವಳ ಪಕ್ಕ ಕೂತು ನೋಡಿ.

ಪಂಕ್ತಿಯಲ್ಲಿ ಕೂತಿದ್ದೇವೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಮನೋಳಿ-ಕಡ್ಲೆ ಪಲ್ಯ, ಅನಾನಸು ಮೆಣಸ್ಕಾಯಿ, ಅಂಬಡೆ. ಅನ್ನದ ಹುಡುಗ ಬಂದಾಗ ಅಕ್ಕ ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಾಳೆ. ಅವನು ನಗುತ್ತಾ ಕೈಯ ಬದಿಯಿಂದ ಒಂದು ಸೌಟು ಹಾಕಿಯೇ ಹೋಗುತ್ತಾನೆ. ಬಡಿಸುವವನಿಗೆ ಬೇಡ ಎಂಬುದು ಕೇಳಿಸುವುದಿಲ್ಲ. ನಮ್ಮಲ್ಲಿ ಬೇಡ ಎಂದರೆ ಇನ್ನೊಮ್ಮೆ ಒತ್ತಾಯ ಮಾಡಿ ಎಂದೇ ಲೆಕ್ಕ. ಅಕ್ಕ ಅನ್ನವನ್ನು ಬದಿಗೆ ಸರಿಸಿ ಪಲ್ಯದಿಂದ ಕಡ್ಲೆ ಒಂದೊಂದೇ ಹೆಕ್ಕುತ್ತಾಳೆ. ಮೊದಲು ಪ್ರೋಟೀನು, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ದಿನಕ್ಕೆ 60 ಗ್ರಾಮಿಗೆ ಕಡಿಮೆಯಾಗದ ಹಾಗೆ ಪ್ರೋಟೀನು ಸೇರಬೇಕು. ಮನೆಯಲ್ಲಾದರೆ ಮೀನು, ಮೊಟ್ಟೆ, ಮೊಸರು, ಹುರುಳಿ ಸಾರು. ಪ್ರತಿ ತುತ್ತನ್ನೂ ನೀರಾಗುವವರೆಗೆ ಅಗಿಯುತ್ತಾಳೆ. ನನ್ನ ಎಲೆಗೆ ಸಾರು ಮುಗಿದು ಸಾಂಬಾರು ಬಂದಿದೆ, ಅವಳದ್ದು ಇನ್ನೂ ಪಲ್ಯ.

ಹೋಳಿಗೆ ಬಂತು. ತುಪ್ಪದ ಪರಿಮಳ. ಒಂದು ಚೂರು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚುತ್ತಾಳೆ. ಆಮೇಲೆ ಸಟ್ಟನೆ ಬೆನ್ನು ನೇರ ಮಾಡಿ ಕೂರುತ್ತಾಳೆ. ಮೂಗಿನಲ್ಲಿ ನೀರು. ಅದು ಗುರುತು: ಎದೆಯ ನಡುವೆ ಒತ್ತಿದ ಹಾಗಾಗುತ್ತದೆ, ಇನ್ನು ಒಂದು ತುತ್ತು ಇಳಿದರೂ ವಾಂತಿ. ಕೈ ನಿಲ್ಲಿಸಿದಳು. ಆದರೆ ಪಂಕ್ತಿ ಏಳುವ ಮೊದಲು ಏಳುವಂತಿಲ್ಲವಲ್ಲ. ಪಾಯಸ ಪಂಕ್ತಿಯ ಉದ್ದಕ್ಕೂ ಎರಡು ಸುತ್ತು ಬಂದು, ಮಜ್ಜಿಗೆ ಬರುವವರೆಗೆ ಅವಳು ತುಂಬಿದ ಎಲೆಯ ಮುಂದೆ ಸುಮ್ಮನೆ ಕೂತಿದ್ದಾಳೆ. "ಊಟ ಸೇರಲಿಲ್ಲವಾ?" ಎಂದು ಮದುಮಗಳ ತಂದೆ ಬಗ್ಗಿ ಕೇಳುತ್ತಾರೆ. "ತುಂಬಾ ಚೆನ್ನಾಗಿತ್ತು ಮಾವ, ಹೊಟ್ಟೆ ತುಂಬಿತು." ಅವರು ನಂಬದೆ ಮುಂದೆ ಹೋಗುತ್ತಾರೆ.

ತಿಂಡಿ-ತಿನಿಸಿನಲ್ಲಿ ಯಾವುದು ಯಾರ ಪಕ್ಷ ಎಂಬುದನ್ನು ಈ ವರ್ಷ ಅಕ್ಕ ಒಂದೊಂದಾಗಿ ಕಲಿತಳು. ಬನ್ಸ್ ಎರಡು ತುತ್ತಿಗೇ ಒಳಗೆ ಹಿಟ್ಟಾಗಿ ಕೂರುತ್ತದೆ. ನೀರುದೋಸೆ ಒಂದಾದರೆ ಆದೀತು. ಕೋರಿರೊಟ್ಟಿಯಲ್ಲಿ ಕೋಳಿ ಸರಿ, ರೊಟ್ಟಿ ಅರ್ಧ. ಆದರೆ ಗಡ್‌ಬಡ್? ಎಂಟನೇ ತಿಂಗಳಲ್ಲಿ ತೂಕದ ಮುಳ್ಳು ಒಂದೇ ಅಂಕೆಯಲ್ಲಿ ನಿಂತುಬಿಟ್ಟಿತ್ತು. ಶಾಲೆಯಲ್ಲಿ ಏನೋ ಮಾತಾಗಿ ಮನಸ್ಸು ಕೆಟ್ಟ ಒಂದು ಸಂಜೆ ಒಬ್ಬಳೇ ಐಸ್‌ಕ್ರೀಮ್ ಪಾರ್ಲರಿಗೆ ಹೋಗಿ ಒಂದು ಇಡೀ ಗಡ್‌ಬಡ್ ತಿಂದಳು. ಒತ್ತಲಿಲ್ಲ, ವಾಂತಿಯಾಗಲಿಲ್ಲ, ಕರಗಿ ಕರಗಿ ಇಳಿಯಿತು. "ಹೊಟ್ಟೆ ತಡೆಯಲೇ ಇಲ್ಲ ಗೊತ್ತುಂಟಾ," ಅಂತ ರಾತ್ರಿ ಫೋನಿನಲ್ಲಿ ಹೇಳುವಾಗ ಅವಳ ದನಿಯಲ್ಲಿ ನಿಜವಾದ ಹೆದರಿಕೆ ಇತ್ತು. ಕಿರಿದಾದ ಜಠರ ಗಟ್ಟಿ ಊಟವನ್ನಷ್ಟೇ ಕಾಯುತ್ತದೆ. ಐಸ್‌ಕ್ರೀಮು, ಚಾಕಲೇಟು, ಜ್ಯೂಸು, ಬಾಯಲ್ಲೇ ಕರಗುವ ಚಿಪ್ಸು ಅದರ ಕಣ್ಣಿಗೆ ಬೀಳದೆ ದಾಟುತ್ತವೆ. ಬೇಜಾರಾದಾಗ ತಿನ್ನುವ ಮನಸ್ಸನ್ನು ಯಾರೂ ಕತ್ತರಿಸಿ ತೆಗೆದಿರಲಿಲ್ಲ. ಮೂವತ್ತು ವರ್ಷ ಜೊತೆಗಿದ್ದ ಆ ಸಮಾಧಾನವನ್ನು ಬಿಟ್ಟುಕೊಟ್ಟ ಜಾಗದಲ್ಲಿ ಏನಿಡಬೇಕು ಎಂಬುದೇ ಅವಳ ವರ್ಷದ ದೊಡ್ಡ ಕಷ್ಟವಾಗಿತ್ತು. ಆಹಾರತಜ್ಞೆ ಆಪ್ತಸಲಹೆಗೆ ಕಳಿಸಿದರು. ಹೋದಳು. ಇನ್ನೂ ಹೋಗುತ್ತಿದ್ದಾಳೆ.

ಭಾವನ ವಿಷಯವೂ ಹೇಳಬೇಕು. ಶನಿವಾರ ರಾತ್ರಿ ಹೋಟೆಲಿಗೆ ಹೋಗಿ ಎದುರುಬದುರು ಕೂತು ತಿನ್ನುವುದೇ ಅವರಿಬ್ಬರ ಸುತ್ತಾಟವಾಗಿತ್ತು. ಅದು ನಿಂತಾಗ ಮಾತೂ ಕಡಿಮೆಯಾಯಿತು. ಕೆಲವು ತಿಂಗಳು ಮನೆ ಭಾರವಾಗಿತ್ತು. ಸ್ವೀಡನ್ನಿನಲ್ಲಿ ಇಂಥ ಆಪರೇಷನ್ ಆದವರನ್ನು ಬಹಳ ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಜೋಡಿಯಾಗಿದ್ದವರಲ್ಲಿ ಬೇರೆಯಾಗುವುದು, ಒಂಟಿಯಾಗಿದ್ದವರಲ್ಲಿ ಮದುವೆಯಾಗುವುದು, ಎರಡೂ ಉಳಿದವರಿಗಿಂತ ಹೆಚ್ಚು ಕಂಡಿತ್ತು. ಅಕ್ಕನಿಗೆ ನಾನು ಅದನ್ನು ಹೇಳಿಲ್ಲ. ಈಗ ಶನಿವಾರ ಇಬ್ಬರೂ ತಣ್ಣೀರುಬಾವಿಯ ಮರಳಿನಲ್ಲಿ ನಡೆಯುತ್ತಾರೆ, ಭಾವ ಚರುಮುರಿ ಕೊಂಡರೆ ಅವಳು ನೆಲಗಡಲೆ ಹೆಕ್ಕುತ್ತಾಳೆ.

ಹಾಲಿನಿಂದ ಹೊರಟು ಸಿಟಿ ಬಸ್ಸು ಹತ್ತಿದ್ದೇವೆ. "ದುಂಬು ಪೋಲೆ, ದುಂಬು ಪೋಲೆ" (ಮುಂದೆ ಹೋಗಿ) ಎಂದು ಕಂಡಕ್ಟರ್ ಒಳಗೆ ತಳ್ಳುತ್ತಿದ್ದಾನೆ. ಅಕ್ಕ ಇಬ್ಬರ ಸೀಟಿನಲ್ಲಿ ಒಬ್ಬಳ ಜಾಗದಲ್ಲಿ ಕೂತು, ಪಕ್ಕಕ್ಕೆ ಒಬ್ಬ ಕಾಲೇಜು ಹುಡುಗಿಯನ್ನು ಕರೆದು ಕೂರಿಸುತ್ತಾಳೆ. ಮೊದಲು ಅವಳು ನಿಂತೇ ಬರುತ್ತಿದ್ದಳು. ಪಕ್ಕದವರ ಮುಖ ನೋಡುವುದಕ್ಕಿಂತ ಕಾಲುನೋವು ಮೇಲು ಎನ್ನುತ್ತಿದ್ದಳು. ಸೆಕೆಗೆ ರವಿಕೆಯ ತೋಳು ಅಂಟಿದೆ, ಒಳಗೆ ಸಡಿಲ ಚರ್ಮ ಜೋತಿದೆ. ಹೊಟ್ಟೆಯ ಮಡಿಕೆಯಲ್ಲಿ ಬೆವರು ನಿಂತು ಕೆಂಪಗೆ ತುರಿಕೆಯಾಗುತ್ತದೆ, ದಿನಕ್ಕೆ ಎರಡು ಸಲ ಒರೆಸಿ ಪೌಡರ್ ಹಾಕಬೇಕು. ಆ ಚರ್ಮ ತೆಗೆಸುವುದು ಇನ್ನೊಂದು ಆಪರೇಷನ್, ಇನ್ನೊಂದು ಲೆಕ್ಕ. ಸದ್ಯಕ್ಕೆ ಬೇಡವೆಂದಿದ್ದಾಳೆ.

ಸಂಜೆ ಐದೂವರೆಗೆ ಡಾಕ್ಟರ ಕೋಣೆ. ವರ್ಷದ ತಪಾಸಣೆ. ರಕ್ತದ ವರದಿಯಲ್ಲಿ ಸಕ್ಕರೆ ಚೆನ್ನಾಗಿದೆ, ಕಬ್ಬಿಣ ಸುಮಾರು, ಬಿ12 ಕೆಳಗೆ. "ಮಾತ್ರೆ ಬಿಟ್ಟಿದ್ದೀರಾ?" ಅಕ್ಕ ತಲೆ ತಗ್ಗಿಸುತ್ತಾಳೆ. ಮೂರು ತಿಂಗಳಿಂದ ಬಿಟ್ಟಿದ್ದಾಳೆ, ಹುಷಾರಿದ್ದೇನಲ್ಲ ಎಂದು. ಆಹಾರದ ಬಿ12 ಮೈಗೆ ಹತ್ತಬೇಕಾದರೆ ಜಠರದ ಆಮ್ಲವೂ ಅಲ್ಲೇ ಹುಟ್ಟುವ ಒಂದು ಪ್ರೋಟೀನೂ ಬೇಕು. ಜಠರವೇ ಕಾಲುಭಾಗ ಉಳಿದಾಗ ಎರಡೂ ಸಾಲುವುದಿಲ್ಲ. ವರ್ಷಗಟ್ಟಲೆ ಅಲಕ್ಷ್ಯ ಮಾಡಿದರೆ ಕೈಕಾಲಿನ ನರಗಳು ಸೋಲುತ್ತವೆ. "ಇಂಜೆಕ್ಷನ್ ಹಾಕುವ. ಮತ್ತೆ ಮಾತ್ರೆ ಜೀವನಪರ್ಯಂತ, ಮಧ್ಯದಲ್ಲಿ ರಜೆ ಇಲ್ಲ ಟೀಚರೇ." ಒಂದು ವರ್ಷ ದಾಟಿದ ಮೇಲೆ ಬಹಳ ಜನ ಬರುವುದನ್ನೇ ನಿಲ್ಲಿಸುತ್ತಾರೆ ಎಂದೂ ಡಾಕ್ಟರು ಹೇಳುತ್ತಾರೆ. ತೂಕ ಹಿಂದಿರುಗಿ ಏರತೊಡಗುವುದು ಹೆಚ್ಚಾಗಿ ಆ ನಂತರವೇ.

ಹೊರಗೆ ಬೆಂಚಿನಲ್ಲಿ ಒಬ್ಬ ಹುಡುಗ, ಇಪ್ಪತ್ತನಾಲ್ಕೋ ಐದೋ, ಪಕ್ಕದಲ್ಲಿ ತಾಯಿ. ಹುಡುಗ ಬೆಂಚಿನ ಅಂಚಿನಲ್ಲಿ ಕೂತ ರೀತಿ ನೋಡಿಯೇ ಅಕ್ಕ ಅವನ ಎದುರು ಕೂರುತ್ತಾಳೆ.

"ನೀವು ಮಾಡಿಸಿದ್ದಾ ಮೇಡಂ?" ತಾಯಿ ಕೇಳುತ್ತಾರೆ. ವಿಮೆ ಕೊಡುತ್ತದಾ? ಬಿಎಂಐ 40 ದಾಟಿದ್ದರೆ, ಅಥವಾ 35 ದಾಟಿ ಜೊತೆಗೆ ಗಂಭೀರ ಕಾಯಿಲೆಯಿದ್ದರೆ ಕೊಡಲು ನಿಯಮ ಉಂಟು, ಪಾಲಿಸಿ ಸರಿಯಾಗಿ ಓದಿ ಎನ್ನುತ್ತಾಳೆ ಅಕ್ಕ. ಹುಡುಗ ಮೆಲ್ಲಗೆ, "ಈಗ ವಾರಕ್ಕೊಮ್ಮೆ ಇಂಜೆಕ್ಷನ್ ಬಂದಿದೆಯಲ್ಲ, ಮೌಂಜಾರೊ ಅಂತ" ಎನ್ನುತ್ತಾನೆ. 2025ರ ಮಾರ್ಚಿನಲ್ಲಿ ಅದು ಭಾರತಕ್ಕೆ ಬಂದಾಗಿನಿಂದ ಈ ಬೆಂಚಿನಲ್ಲಿ ಎಲ್ಲರ ಬಾಯಲ್ಲೂ ಅದೇ. "ಡಾಕ್ಟರ ಹತ್ತಿರ ಕೇಳು ಮಗಾ, ಕೆಲವರಿಗೆ ಅದೇ ಸಾಕಾಗಬಹುದು. ಅದನ್ನೂ ನಿಲ್ಲಿಸಿದರೆ ತೂಕ ಹಿಂದೆ ಬರ್ತದಂತೆ."

"ಇದರಲ್ಲಿ ಮತ್ತೆ ತೋರ ಆಗುವುದಿಲ್ವಾ?"

"ಆಗ್ತದೆ. ಬಿಟ್ಟರೆ ಆಗ್ತದೆ. ನನ್ನ ಷುಗರೂ ಹತ್ತು ವರ್ಷಕ್ಕೆ ಹಿಂದೆ ಬರಬಹುದು, ಗೊತ್ತಿಲ್ಲ. ಆದರೆ ಹತ್ತು ವರ್ಷ ಕಾಲು, ಕಣ್ಣು, ಕಿಡ್ನಿ ಉಳಿಯಿತಲ್ಲ." ಆಮೇಲೆ ಅವಳು ತಾಯಿಯ ಕಡೆ ತಿರುಗುತ್ತಾಳೆ. "ಅಡುಗೆ ನಿಮ್ಮದೇ ಅಲ್ವಾ ಅಮ್ಮ?"

"ನನ್ನದೇ. ಒಬ್ಬನೇ ಮಗ. ಅವನು ಒಂದೇ ಚಮಚ ತಿಂದು ಎದ್ದರೆ ನನಗೆ ಕೂಳು ಇಳಿಯುತ್ತದಾ ಹೇಳಿ? ಬಡಿಸುವಾಗ ಕೈ ಹಿಡಿಯಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

"ನನ್ನ ಅಮ್ಮನಿಗೆ ಎಂಟು ತಿಂಗಳು ಬೇಕಾಯ್ತು," ಎನ್ನುತ್ತಾಳೆ ಅಕ್ಕ. "ಸಣ್ಣ ಬಟ್ಟಲು ತಗೊಳ್ಳಿ. ಮೀನು ಮೊದಲು ಹಾಕಿ, ಅನ್ನ ಕೇಳಿದರೆ ಮಾತ್ರ. ಅವನು ಸಾಕು ಅಂದರೆ ನಂಬಿ. ಅಷ್ಟು ಮಾಡಿ, ಉಳಿದದ್ದು ಅವನು ಮಾಡ್ತಾನೆ." ಒಳಗಿನಿಂದ ಸಿಸ್ಟರ್ ಹುಡುಗನ ಟೋಕನ್ ನಂಬರ್ ಕೂಗುತ್ತಾರೆ. ತಾಯಿ ಏಳುವ ಮೊದಲು ಅಕ್ಕನ ಕೈ ಹಿಡಿದು, ಪುಳಿಮುಂಚಿಗೆ ಖಾರ ಎಷ್ಟು ಕಡಿಮೆ ಮಾಡಬೇಕಾಗ್ತದೆ ಎಂದು ಕೇಳುತ್ತಾರೆ.