ಗಂಜಿಯ ಭರವಸೆ

1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗಳಿಗೆ ಕಾಲಿಟ್ಟಂದಿನಿಂದ, ತಂದೆಯ ತರುವಾಯ ಮಗ ಗಣಿಗಿಳಿಯುವುದು ಅಲ್ಲಿನ ಕುಟುಂಬಗಳ ರೂಢಿಯಾಯಿತು. ಮೂರು ಕಿಲೋಮೀಟರಿಗೂ ಆಳವಾದ ಚಾಂಪಿಯನ್ ರೀಫ್ ಗಣಿಯಲ್ಲಿ ಮೂವತ್ತು ವರ್ಷ ದುಡಿದ ಹಿರಿಯರೊಬ್ಬರನ್ನು ನಾನು ಬಲ್ಲೆ. ಯೌವನದಲ್ಲಿ ಅವರಿಗೆ ರೈಲ್ವೆ ನೌಕರಿಯ ಕರೆ ಬಂದಿತ್ತು. "ಚಿನ್ನ ಮುಗಿಯುವುದುಂಟೇ?" ಎಂದು ಮನೆಯವರು ತಡೆದರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. (ಚಿನ್ನವೇನೋ ಪೂರ್ತಿ ಮುಗಿದಿರಲಿಲ್ಲ, ತೆಗೆಯುವ ವೆಚ್ಚ ಅದರ ಬೆಲೆಯನ್ನು ಮೀರಿತ್ತು.) ಕೈಗೆ ಬಂದ ಪರಿಹಾರಧನ ಮಗಳ ಮದುವೆಗೂ ಔಷಧಿಗೂ ಕರಗಿತು.

ಮಗನೋ, ನಸುಕಿನಲ್ಲೇ ಮಾರಿಕುಪ್ಪಂ ನಿಲ್ದಾಣದಲ್ಲಿ ಬೆಂಗಳೂರಿನ ರೈಲು ಹತ್ತುವ ಸಾವಿರಾರು ಜನರಲ್ಲೊಬ್ಬ. ಕಾರ್ಖಾನೆಯ ಹನ್ನೆರಡು ವರ್ಷದ ನೌಕರಿ ಬಿಟ್ಟು, ಊರಿನಲ್ಲೇ ಮೋಟಾರು ದುರಸ್ತಿಯ ಅಂಗಡಿ ತೆರೆಯಬೇಕೆಂಬುದು ಅವನ ಬಯಕೆ. ತಾಯಿಗೆ ಭಯ. ಬುದ್ಧಿ ಹೇಳಿಸಲು ನನ್ನನ್ನು ಕರೆಸಿದರು. ಇಂತಹ ವೇಳೆ ಗುರುಗಳಿಂದ ಎಲ್ಲರೂ ಬಯಸುವುದು ಎಚ್ಚರಿಕೆಯ ಮಾತನ್ನೇ. ನಾನು ಬಾಯಿ ತೆರೆಯುವ ಮೊದಲೇ ತಂದೆ ಕೆಮ್ಮುತ್ತ ನುಡಿದರು:

"ಸ್ವಾಮಿ, ಗಣಿಯ ಧೂಳು ಕುಡಿದದ್ದಕ್ಕೆ ನನಗೆ ದುಃಖವಿಲ್ಲ. ಆ ರೈಲ್ವೆ ಕಾಗದಕ್ಕೆ ಉತ್ತರ ಬರೆಯಲಿಲ್ಲವಲ್ಲ, ಅದೇ ಸಂಕಟ. ನೀನು ಅಂಗಡಿ ತೆರೆಯಪ್ಪಾ. ನಡೆಯದಿದ್ದರೆ ಈ ಮನೆಯಿದೆ, ಗಂಜಿಯಿದೆ."

ಪ್ರಿಯ ಓದುಗರೇ, ಮಕ್ಕಳಿಗೆ "ನನ್ನಂತಾಗಬೇಡ" ಎನ್ನುವ ತಂದೆಯರನ್ನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಸೋತು ಬಂದರೂ ಗಂಜಿಯಿದೆ ಎಂದವರು ವಿರಳ. ಮಗ ತಲೆ ತಗ್ಗಿಸಿ ಕುಳಿತಿದ್ದ. ಅಂಗಡಿಗೆ ಮುಂಗಡ ಎಷ್ಟು ಕೊಡಬೇಕಾದೀತೆಂದು ತಾಯಿಯೇ ಕೇಳಿದರು.