ಕಾಕ್ ತಿರುಗಿಸಿ ನೋಡು

ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಬಿದ್ದ ವರ್ಷ, 1991ರಲ್ಲಿ, ಅಪ್ಪ ನನ್ನನ್ನು ಚಾಮರಾಜನಗರದಲ್ಲಿ ಕೊಯಮತ್ತೂರು ಬಸ್ಸಿಗೆ ಹತ್ತಿಸಿದ. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯುವಷ್ಟರಲ್ಲಿ ಹೊಟ್ಟೆಯಲ್ಲಿದ್ದದ್ದೆಲ್ಲ ಕಿಟಕಿಯಾಚೆ ಹೋಗಿತ್ತು. ಸತ್ಯಮಂಗಲ, ಪುಳಿಯಂಪಟ್ಟಿ, ಅನ್ನೂರು, ಕೋವಿಲ್‌ಪಾಳೆಯ ದಾಟಿ ಶರವಣಂಪಟ್ಟಿಯಲ್ಲಿ ಇಳಿದರೆ ಸೋದರಮಾವ ಕೈಯಲ್ಲಿ ಸ್ಪ್ಯಾನರ್ ಹಿಡಿದೇ ನಿಂತಿದ್ದ. ಸತ್ತಿ ರೋಡಿನ ಬದಿಗೆ ಅವನದೊಂದು ತಗಡಿನ ಶೆಡ್ಡು. ಹಿಂದೆ ಜೋಳದ ಹೊಲ, ಮುಂದೆ ಟೀ ಅಂಗಡಿ. ಸ್ವಲ್ಪ ದೂರದಲ್ಲಿ ಕುಮರಗುರು ಎಂಜಿನಿಯರಿಂಗ್ ಕಾಲೇಜು. ನಮ್ಮ ಅನ್ನ ಹುಟ್ಟುತ್ತಿದ್ದದ್ದು ಬಹುಪಾಲು ಆ ಹುಡುಗರ ಗಾಡಿಗಳಿಂದ.

ಮಾವ ಕನ್ನಡದವನು ಎನ್ನುವ ಒಂದೇ ಕಾರಣಕ್ಕೆ ಸುತ್ತಲ ಯೆಜ್ಡಿಗಳೆಲ್ಲ ನಮ್ಮ ಶೆಡ್ಡಿಗೆ ಬರುತ್ತಿದ್ದವು. ಯೆಜ್ಡಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಆಗುವ ಗಾಡಿ, ಮೈಸೂರು ಕಡೆಯವನಿಗೆ ಅದರ ಕರುಳು ಗೊತ್ತಿರಲೇಬೇಕು ಎಂದು ಗಿರಾಕಿಗಳ ಲೆಕ್ಕ. ಮಾವ ಆ ಕಾರ್ಖಾನೆಯ ಗೇಟನ್ನೂ ನೋಡಿದವನಲ್ಲ. ಆದರೆ ಹಾಗೆಂದು ಯಾರಿಗೂ ಹೇಳಲಿಲ್ಲ.

ಬಂದ ವಾರದಲ್ಲೇ ಒಂದು ಯೆಜ್ಡಿಯನ್ನು ಇಬ್ಬರು ಹುಡುಗರು ತಳ್ಳಿಕೊಂಡು ಬಂದರು. "ವಂಡಿ ನಿನ್ನುಪೋಚ್ಚುಂಗಣ್ಣಾ," ಗಾಡಿ ನಿಂತುಹೋಯಿತಣ್ಣ ಎಂದರು. ಏಳೆಂಟು ಮೈಲಿ ಸರಿಯಾಗಿ ಓಡುತ್ತದಂತೆ, ಆಮೇಲೆ ಕೆಮ್ಮಿ ನಿಲ್ಲುತ್ತದಂತೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತದಂತೆ. ನಾನು ಶೂರನ ಹಾಗೆ ಕಾರ್ಬೊರೇಟರ್ ಬಿಚ್ಚಲು ಕೂತೆ.

"ಅದ್ರ ತಂಟೆ ಯಾಕ್ಲಾ ನಿಂಗೆ? ಮೇಲಿಂದ ಬಾ" ಎಂದ ಮಾವ. "ಮುಚ್ಚಳ ತೆಗಿ ಮೊದ್ಲು."

ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸ್ಸ್ ಎಂದು ಗಾಳಿ ಒಳಕ್ಕೆ ಹೋಯಿತು. ಒದ್ದ ಒಂದೇ ಕಿಕ್ಕಿಗೆ ಗಾಡಿ ಶುರು. ಮುಚ್ಚಳದಲ್ಲಿರುವ ಸೂಜಿಮೊನೆಯಷ್ಟು ತೂತಿನಲ್ಲಿ ಧೂಳು ಕಟ್ಟಿತ್ತು. ಪೆಟ್ರೋಲ್ ಕೆಳಗಿಳಿದಷ್ಟು ಗಾಳಿ ಒಳಗೆ ಬರದಿದ್ದರೆ ಟ್ಯಾಂಕಿನೊಳಗೆ ನಿರ್ವಾತವಾಗಿ ಪೆಟ್ರೋಲನ್ನೇ ಹಿಡಿದು ನಿಲ್ಲಿಸುತ್ತದೆ. ಎಳನೀರಿನ ಬುರುಡೆಗೆ ಒಂದೇ ತೂತು ಮಾಡಿ ಕವುಚಿದ ಹಾಗೆ. ಮಾವ ತಂತಿ ಚುಚ್ಚಿದ, ಬಾಯಲ್ಲಿ ಊದಿದ, ಎರಡು ಟೀ ದುಡ್ಡು ಇಸಕೊಂಡ.

ಮೇಲಿಂದ ಕೆಳಕ್ಕೆ ಎನ್ನುವುದೇ ಅವನ ಶಾಸ್ತ್ರ. ಮುಚ್ಚಳ, ಟ್ಯಾಂಕು, ಕಾಕು, ಪೈಪು, ಕೊನೆಗೆ ಕಾರ್ಬೊರೇಟರ್. ನೂರಕ್ಕೆ ತೊಂಬತ್ತು ಮೆಕ್ಯಾನಿಕ್ಕುಗಳು ತಿರುಗಾಮುರುಗಾ ಹೋಗುತ್ತಾರೆ ಎಂದು ಅವನ ದೂರು. ನಾನು ನೋಡಿದಂತೆ ಅದು ಸುಳ್ಳಲ್ಲ.

ಪೆಟ್ರೋಲ್ ಕಾಕ್ ಎಂದರೆ ಟ್ಯಾಂಕಿನ ತಳದಲ್ಲಿರುವ ನಲ್ಲಿ. ಅದರ ಹಿತ್ತಾಳೆ ಕೊಳವೆಯೊಂದು ಟ್ಯಾಂಕಿನೊಳಗೆ ಬೆರಳುದ್ದ ಎದ್ದಿರುತ್ತದೆ. ಆನ್‌ನಲ್ಲಿ ಪೆಟ್ರೋಲ್ ಆ ಕೊಳವೆಯ ತುದಿಯಿಂದ ಇಳಿಯುತ್ತದೆ, ಮಟ್ಟ ತುದಿಗಿಂತ ಕೆಳಗೆ ಹೋದರೆ ನಿಲ್ಲುತ್ತದೆ. ಆಗ ರಿಸರ್ವ್‌ಗೆ ತಿರುಗಿಸಿದರೆ ತಳದ ತೂತಿನಿಂದ ಬರುತ್ತದೆ. ಕಸ, ತುಕ್ಕು, ನೀರು ಎಲ್ಲ ಇರುವುದೂ ಆ ತಳದಲ್ಲೇ. ಅದಕ್ಕೇ ರಿಸರ್ವ್‌ಗೆ ಹಾಕಿದ ಒಂದೆರಡು ಮೈಲಿಗೆ ಗಾಡಿ ನಿಂತು, ಜನ ಪೆಟ್ರೋಲ್ ಬಂಕಿನವನನ್ನು ಬೈಯುತ್ತಿದ್ದರು. ಐಪ್ಪಸಿ ತಿಂಗಳ ಮಳೆಯಲ್ಲಂತೂ ಮುಚ್ಚಳದ ಸಂದಿನಿಂದ ನೀರು ಇಳಿದ ಗಾಡಿಗಳ ಸಾಲೇ ಶೆಡ್ಡಿನ ಮುಂದೆ. ಪೈಪು ಕಿತ್ತು ಗಾಜಿನ ಬಾಟಲಿಗೆ ಪೆಟ್ರೋಲ್ ಬಿಟ್ಟರೆ ನೀರು ತಳದಲ್ಲಿ ಮಣಿಮಣಿಯಾಗಿ ಹೊರಳಾಡುತ್ತಿತ್ತು.

ಆ ಬಾಟಲಿಯೇ ನಮ್ಮ ಸ್ಕ್ಯಾನರು. ಧಾರೆ ಒಂದೇ ಸಮ ಬಿದ್ದರೆ ಕಾಕು ಸರಿ, ದೋಷ ಕೆಳಗಿದೆ. ಜೋರಾಗಿ ಶುರುವಾಗಿ ಸೊರಗಿದರೆ ಮುಚ್ಚಳ ತೆಗೆದು ನೋಡು. ಮೊದಲಿಂದಲೇ ಸಣ್ಣಗಿದ್ದರೆ ಜಾಲರಿ ಕಟ್ಟಿದೆ, ಇಲ್ಲವೆ ರಬ್ಬರು ಊದಿದೆ.

ಈ ರಬ್ಬರಿನ ಆಟ ಕಲಿತದ್ದು ಆರ್‌ಎಕ್ಸ್ 100ರಲ್ಲಿ. ಅದರ ಕಾಕಿನೊಳಗೆ ನಾಲ್ಕು ತೂತಿನ ಬಿಲ್ಲೆ ರಬ್ಬರ್ ಇದೆ. ಹಳತಾದಂತೆ ಪೆಟ್ರೋಲ್ ಕುಡಿದು ಊದುತ್ತದೆ, ತೂತು ಕಿರಿದಾಗುತ್ತದೆ. ಅಂಥ ಗಾಡಿ ಊರೊಳಗೆ ಅಚ್ಚುಕಟ್ಟಾಗಿ ಓಡುತ್ತದೆ. ಅನ್ನೂರು ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ತಿರುವಿದ ಒಂದು ಮೈಲಿಗೆ ಉಬ್ಬಸ ಬಂದವರ ಹಾಗೆ ಎಳೆಯತೊಡಗುತ್ತದೆ. ಕಾರ್ಬೊರೇಟರ್ ಬಟ್ಟಲು ಖಾಲಿಯಾಗುವಷ್ಟು ಬೇಗ ತುಂಬುತ್ತಿಲ್ಲ, ಅಷ್ಟೆ. ಅಂಥದೊಂದು ಗಾಡಿಗೆ ನಾನು ಮಾವನಿಲ್ಲದ ಹೊತ್ತಿನಲ್ಲಿ ಜೆಟ್ಟಿನ ತೂತಿಗೆ ತಂತಿ ಹಾಕಿ ಉಜ್ಜಿದೆ. ಹಿತ್ತಾಳೆ ಮೆತ್ತನೆಯದು, ತೂತು ಅಗಲವಾಯಿತು. ಮರುವಾರದಿಂದ ಗಾಡಿ ಪೆಟ್ರೋಲನ್ನು ನೀರಿನ ಹಾಗೆ ಕುಡಿಯತೊಡಗಿತು. ಜೆಟ್ಟನ್ನು ಊದಬೇಕು, ಚುಚ್ಚಬಾರದು. ಹೊಸ ಜೆಟ್ಟಿನ ದುಡ್ಡನ್ನು ಮಾವ ನನ್ನ ಸಂಬಳದಲ್ಲಿ ಹಿಡಿದ.

ಬಿಡಿಭಾಗ ಸಿಗದಿದ್ದರೂ ಕೆಲಸ ನಿಲ್ಲುತ್ತಿರಲಿಲ್ಲ. ಗಣಪತಿ ಎನ್ನುವ ಬಡಾವಣೆಯ ಲೇತು ಅಂಗಡಿಗಳಿಗೆ ಸೈಕಲ್ಲಿನಲ್ಲಿ ಹೋದರೆ ಸವೆದ ಹಿತ್ತಾಳೆ ತುಂಡಿನ ಅಳತೆ ತೆಗೆದು ಸಂಜೆಯೊಳಗೆ ಕಡೆದು ಕೊಡುತ್ತಿದ್ದರು. ಪಂಪು, ಮೋಟಾರು ಮಾಡುವ ಊರಿಗೆ ಒಂದು ನಲ್ಲಿ ಯಾವ ದೊಡ್ಡದು!

ಯೆಜ್ಡಿ, ಆರ್‌ಎಕ್ಸ್ 100 ಎರಡರ ತಯಾರಿಕೆಯೂ 1996ರಲ್ಲಿ ನಿಂತಿತು. ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಕೀರನತ್ತದಲ್ಲಿ ಸಾಫ್ಟ್‌ವೇರ್ ಕಟ್ಟಡಗಳು ಎದ್ದವು, 2011ರಲ್ಲಿ ಶರವಣಂಪಟ್ಟಿ ಕೊಯಮತ್ತೂರು ಕಾರ್ಪೊರೇಷನ್ನಿಗೆ ಸೇರಿತು, 2017ರಲ್ಲಿ ಹತ್ತಿರವೇ ದೊಡ್ಡ ಮಾಲ್ ಬಂತು. ಜೋಳದ ಹೊಲ ಹಾಸ್ಟೆಲುಗಳಾಯಿತು, ನಮ್ಮ ಶೆಡ್ಡು ಒಳಗಲ್ಲಿಗೆ ಸರಿಯಿತು. ಹುಡುಗಿಯರು ಸ್ಕೂಟರಿನಲ್ಲಿ ಬಂದರು, ಸ್ಕೂಟರಿನ ಜೊತೆ ಆಟೋ ಕಾಕ್ ಬಂತು. ಅದನ್ನು ತಿರುಗಿಸುವ ಹಾಗೇ ಇಲ್ಲ. ಎಂಜಿನ್ ಎಳೆಯುವ ಗಾಳಿಗೆ ಒಳಗಿನ ತೆಳು ಪರದೆ ಸರಿದು ಪೆಟ್ರೋಲ್ ಬಿಡುತ್ತದೆ, ಎಂಜಿನ್ ನಿಂತರೆ ಮುಚ್ಚುತ್ತದೆ. ಪರದೆ ಹರಿದರೆ ಪೆಟ್ರೋಲ್ ಗಾಳಿ ಪೈಪಿನಲ್ಲೇ ಎಂಜಿನ್ನಿಗೆ ನುಗ್ಗುತ್ತದೆ. "ಕೈಯಿಗೆ ಸಿಕ್ದೆ ಇರೋ ಕಾಕು ಒಂದು ಕಾಕಾ?" ಎನ್ನುತ್ತಿದ್ದ ಮಾವ. ಅವನಿಗೆ ಅದರ ಮೇಲೆ ಕೊನೆತನಕ ನಂಬಿಕೆ ಬರಲಿಲ್ಲ.

2020ರ ಏಪ್ರಿಲ್ 1ರಿಂದ ಬಿಎಸ್ 6 ಹೊಗೆ ನಿಯಮ ಕಡ್ಡಾಯವಾಯಿತು, ಹೊಸ ಗಾಡಿಗಳಲ್ಲಿ ಬಹುಪಾಲಿಗೆ ಕಾರ್ಬೊರೇಟರ್ ಬದಲು ಇಂಜೆಕ್ಷನ್. ಹಾಲಿನವರ ಟಿವಿಎಸ್ ಎಕ್ಸ್‌ಎಲ್‌ಗೂ ಬಂತು. ಕೀ ತಿರುಗಿಸಿದರೆ ಟ್ಯಾಂಕಿನೊಳಗಿನ ಪಂಪು ಎರಡು ಸೆಕೆಂಡು ಗುಂಯ್ ಎನ್ನುತ್ತದೆ. ಆ ಸದ್ದು ಇಲ್ಲದಿದ್ದರೆ ಫ್ಯೂಸು, ರಿಲೇ ನೋಡುತ್ತೇನೆ. ರಿಸರ್ವ್ ಇಲ್ಲ, ದೀಪ ಹತ್ತುತ್ತದೆ. ದೀಪ ಹತ್ತಿದ ಮೇಲೂ ದಿನಗಟ್ಟಲೆ ಓಡಿಸಿದರೆ ಪೆಟ್ರೋಲಿನಲ್ಲಿ ಮುಳುಗಿ ತಂಪಾಗಬೇಕಾದ ಪಂಪು ಕಾದು ಸಾಯುತ್ತದೆ. 2022ರಲ್ಲಿ ಯೆಜ್ಡಿ ಹೆಸರು ತಿರುಗಿ ಬಂತು, ಕಾಕ್ ಬರಲಿಲ್ಲ. ಹಳೆಯದೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಮಳೆಯಲ್ಲಿ ಗಾಡಿ ತಳ್ಳುವವರು ಕಮ್ಮಿಯಾಗಿದ್ದಾರೆ, ಅದು ಕಣ್ಣಿಗೆ ಕಾಣುವ ಮಾತು. ಆದರೆ ಎರಡು ಟೀ ದುಡ್ಡಿನ ರಿಪೇರಿ ಎನ್ನುವುದು ಈಗ ಇಲ್ಲ. ಕೆಟ್ಟರೆ ಇಡೀ ಪಂಪಿನ ಸೆಟ್ಟೇ ಬದಲಾಗಬೇಕು.

ವಿಚಿತ್ರವೆಂದರೆ ಹಳೇ ಕಾಕಿನ ಕೆಲಸ ಈಚೆಗೆ ಮತ್ತೆ ಬರುತ್ತಿದೆ. ಬಂಕಿನ ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಪಾಲು ಎಥನಾಲ್. ಅದು ಗಾಳಿಯ ತೇವ ಹೀರುತ್ತದೆ, ನೀರು ಹೆಚ್ಚಾದರೆ ನೀರಿನ ಜೊತೆ ಬೇರೆಯಾಗಿ ತಳಕ್ಕೆ ಕೂರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಸಾಫ್ಟ್‌ವೇರ್ ಹುಡುಗರು ಅಪ್ಪನ ಆರ್‌ಎಕ್ಸನ್ನು ಪಾಲಿಶ್ ಮಾಡಿಸಿ ಭಾನುವಾರಕ್ಕೊಮ್ಮೆ ಓಡಿಸುತ್ತಾರೆ, ಉಳಿದ ಆರು ದಿನ ಟ್ಯಾಂಕು ತುಂಬಿಸಿ ನಿಲ್ಲಿಸುತ್ತಾರೆ, ಕಾಕ್ ಆನ್‌ನಲ್ಲೇ. ಕಾರ್ಬೊರೇಟರಿನ ನೀಡಲ್ ಕೂರದಿದ್ದರೆ ರಾತ್ರಿಯೆಲ್ಲ ಪೆಟ್ರೋಲ್ ಜಿನುಗಿ ಕ್ರ್ಯಾಂಕ್ ಕೇಸ್ ತುಂಬುತ್ತದೆ, ಬೆಳಿಗ್ಗೆ ಕಿಕ್ಕರ್ ಅಲುಗುವುದಿಲ್ಲ, ಪ್ಲಗ್ ಒದ್ದೆ.

ನಿಮ್ಮ ಮನೆಯಲ್ಲೂ ಅಂಥ ಗಾಡಿ ಇದ್ದರೆ, ಇವತ್ತು ಮಲಗುವ ಮುಂಚೆ ಬಗ್ಗಿ ಕಾಕ್ ಮುಚ್ಚಿ.