ಹಳೇ ಡಿಸ್ಕ್‌ನಲ್ಲಿದ್ದ ಹಸೆ ಹಾಡು

ತಂಗಿಯ ಮದುವೆಗೆ ಇನ್ನು ಇಪ್ಪತ್ತೇ ದಿನ. ಅಮ್ಮ ಫೋನ್ ಮಾಡಿ, "ಅಜ್ಜಿ ಹೇಳಿದ ಹಸೆ ಹಾಡು ರೆಕಾರ್ಡ್ ಮಾಡಿದ್ದೆಯಲ್ಲ, ಎಲ್ಲಿದೆಯೋ ಅದು?" ಅಂದಳು. 2010ರ ಎಸ್ಸೆಸ್ಸೆಲ್ಸಿ ರಜೆಯಲ್ಲಿ ಅಜ್ಜಿಗೆ ಹೆಡ್‌ಫೋನ್ ಮೈಕ್ ಹಿಡಿಸಿ ಮಾಡಿದ ರೆಕಾರ್ಡಿಂಗ್ ಅದು. ಅಜ್ಜಿ ಈಗಿಲ್ಲ. ಹಾಡಿದ್ದ ಹಳೇ ಕಂಪ್ಯೂಟರ್ ಕೂಡ ಗುಜರಿಗೆ ಹೋಗಿದೆ. ಅದರ ಹಾರ್ಡ್ ಡಿಸ್ಕ್ ಮಾತ್ರ ಬಟ್ಟೆ ಸುತ್ತಿಕೊಂಡು ಅಟ್ಟದ ಮೇಲಿತ್ತು.

ಶನಿವಾರ ತೀರ್ಥಹಳ್ಳಿಗೆ ಹೋದೆ. ಡಿಸ್ಕ್ ಓದಿಸೋ ಯುಎಸ್‌ಬಿ ಕೇಬಲ್ ಬೆಂಗಳೂರಲ್ಲೇ ಮರೆತಿದ್ದೆ. ಸರಿ, ಅಪ್ಪನ ಕಂಪ್ಯೂಟರ್ ಬಿಚ್ಚಿ ಒಳಗೇ ಜೋಡಿಸೋಣ ಅಂತ ಕೂತೆ. ಪವರ್ ಕೇಬಲ್, ಡೇಟಾ ಕೇಬಲ್, ಐದು ನಿಮಿಷದ ಕೆಲಸ. ಸ್ವಿಚ್ ಹಾಕಿದೆ. ವಿಂಡೋಸ್ 10 ಬರಬೇಕಾದ ಕಡೆ ಎಕ್ಸ್‌ಪಿ ಲೋಗೋ! ನೀಲಿ ಪರದೆಯೊಂದು ಮಿಂಚಿ ಮತ್ತೆ ರೀಸ್ಟಾರ್ಟ್. ಮತ್ತೆ ಲೋಗೋ, ಮತ್ತೆ ನೀಲಿ.

"ಆಫೀಸಲ್ಲೂ ಇದನ್ನೇ ಮಾಡ್ತೀಯೇನೋ?" ಅಂದ್ರು ಅಪ್ಪ. ಸಾಫ್ಟ್‌ವೇರ್ ಬೇರೆ, ಹಾರ್ಡ್‌ವೇರ್ ಬೇರೆ ಅಂತ ಅವರಿಗೆ ಹೇಳಿ ಗೆದ್ದವರಿಲ್ಲ.

ಹಳೇ ಡಿಸ್ಕ್ ತೆಗೆದರೆ ಸಲೀಸಾಗಿ ಶುರುವಾಗುತ್ತೆ, ಹಾಕಿದರೆ ಇಲ್ಲ. ಅಂದರೆ ಕೆಟ್ಟಿದ್ದೇನೂ ಇಲ್ಲ, ಸರದಿ ತಪ್ಪಿದೆ ಅಷ್ಟೆ. ಬಯೋಸ್ ಹೊಸದಾಗಿ ಬಂದ ಡಿಸ್ಕನ್ನೇ ಮೊದಲಿಗೆ ಇಟ್ಟಿತ್ತು. ಅದರೊಳಗಿನ ಎಕ್ಸ್‌ಪಿ ತನ್ನ ಹಳೇ ಮದರ್‌ಬೋರ್ಡ್ ಹುಡುಕಿ, ಸಿಗದೆ ಬೀಳುತ್ತಿತ್ತು. ಡಿಲೀಟ್ ಕೀ ಒತ್ತಿ ಬಯೋಸ್‌ಗೆ ಹೋದೆ. ಬೂಟ್ ಆರ್ಡರ್‌ನಲ್ಲಿ 'ಹಾರ್ಡ್ ಡಿಸ್ಕ್' ಅಂತ ಒಂದೇ ಸಾಲು. ಎರಡು ಡಿಸ್ಕ್‌ಗಳಲ್ಲಿ ಯಾವುದು ಮೊದಲು ಅನ್ನೋದು ಕೆಳಗಿನ ಇನ್ನೊಂದು ಮೆನುವಿನಲ್ಲಿ ಅಡಗಿರುತ್ತೆ. ಅದು ಕಣ್ಣಿಗೆ ಬೀಳೋಕೆ ಅರ್ಧ ಗಂಟೆ ಬೇಕಾಯ್ತು. ಎಸ್‌ಎಸ್‌ಡಿಯನ್ನು ಮೇಲೆ ತಂದು ಎಫ್10 ಒತ್ತಿದೆ. ವಿಂಡೋಸ್ ಬಂತು.

ಬರುವಾಗಲೇ ಹಳೇ ಡಿಸ್ಕ್ ತಪಾಸಣೆ ಮಾಡ್ತೀನಿ, ಬೇಡವಾದ್ರೆ ಯಾವುದಾದ್ರೂ ಕೀ ಒತ್ತಿ ಅಂತು. ತಕ್ಷಣ ಒತ್ತಿ ತಪ್ಪಿಸಿದೆ. ಹತ್ತು ವರ್ಷ ಅಟ್ಟದಲ್ಲಿದ್ದ ಡಿಸ್ಕ್‌ಗೆ ಮೊದಲು ರಿಪೇರಿ ಮಾಡಿಸಬಾರದು, ಇರೋದನ್ನ ಕಾಪಿ ಮಾಡ್ಕೋಬೇಕು. ಆ ರಿಪೇರಿಯಲ್ಲೇ ಫೈಲು ಹೋಗಬಹುದು. ಇಷ್ಟು ಗೊತ್ತಿದ್ದೂ, ಹನ್ನೊಂದು ಗಂಟೆಯಾಯ್ತು, ನಾಳೆ ಕಾಪಿ ಮಾಡೋಣ ಅಂತ ಮಲಗಿದೆ.

ಭಾನುವಾರ ಬೆಳಿಗ್ಗೆ ಮತ್ತೆ ಎಕ್ಸ್‌ಪಿ ಲೋಗೋ.

ಬಯೋಸ್‌ನಲ್ಲಿ ನಾನು ಮಾಡಿದ ಸರದಿ ಮಾಯ. ತಾರೀಕು ನೋಡಿದರೆ 2012ರ ಜನವರಿ 1. ಆಗ ನೆನಪಾಯ್ತು, ಎರಡು ತಿಂಗಳ ಹಿಂದೆ ಅಪ್ಪ ಫೋನ್ ಮಾಡಿ, "ಬ್ಯಾಂಕ್ ವೆಬ್‌ಸೈಟ್ ತೆರೀತಾ ಇಲ್ಲ, ಗಡಿಯಾರ ತಪ್ಪಿದೆ ಅಂತ ಬರ್ತಿದೆ ಕಣೋ" ಅಂದಿದ್ದರು. ನಾನು ಮೀಟಿಂಗ್‌ನಲ್ಲಿದ್ದೆ. "ರೀಸ್ಟಾರ್ಟ್ ಮಾಡಿ ಅಪ್ಪ" ಅಂದು ಇಟ್ಟಿದ್ದೆ. ಆಮೇಲೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಿಂಗಳಿಗೊಮ್ಮೆ ಬ್ಯಾಂಕಿಗೇ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬರುತ್ತಿದ್ದರಂತೆ.

ಮದರ್‌ಬೋರ್ಡ್ ಮೇಲಿನ ಬಿಲ್ಲೆ ಸೆಲ್ ಸತ್ತಿತ್ತು. ಕರೆಂಟ್ ಇಲ್ಲದಾಗ ಗಡಿಯಾರ, ಬಯೋಸ್ ಸೆಟ್ಟಿಂಗ್ ಕಾಯೋದು ಅದೇ. ಅಪ್ಪ ದಿನಾ ರಾತ್ರಿ ಮಲಗೋ ಮುಂಚೆ ಗೋಡೆಯ ಸ್ವಿಚ್ ಆರಿಸೋರು, ಮಲೆನಾಡಿನ ಸಿಡಿಲಿನ ಭಯ. ಹಾಗಾಗಿ ಬೆಳಗಾದರೆ ಎಲ್ಲ ಮರೆತುಹೋಗುತ್ತಿತ್ತು. ಒಂದೇ ಡಿಸ್ಕ್ ಇದ್ದಾಗ ಸರದಿ ಮರೆತರೂ ನಡೆಯುತ್ತಿತ್ತು, ಎರಡಾದ ಮೇಲೆ ನಡೆಯಲಿಲ್ಲ.

ಸಿಆರ್2032 ಸೆಲ್ ವಾಚ್ ರಿಪೇರಿ ಅಂಗಡಿಯಲ್ಲಿ ಸಿಕ್ತು, 40 ರೂಪಾಯಿ. ಹಾಕಿ, ತಾರೀಕು ಸರಿ ಮಾಡಿ, ಸರದಿ ಬದಲಿಸಿ, ಮೊದಲು ಆ ಒಂದು ಫೋಲ್ಡರ್ ಕಾಪಿ ಮಾಡಿದೆ. ಒಂದು ಎಸ್‌ಎಸ್‌ಡಿಗೆ, ಒಂದು ಪೆನ್‌ಡ್ರೈವ್‌ಗೆ, ಒಂದು ನನ್ನ ಫೋನಿಗೆ.

ಹಾಡಿನ ನಡುವೆ ಕುಕ್ಕರ್ ಮೂರು ಸಲ ಕೂಗುತ್ತೆ. ಅಜ್ಜಿ ನಿಲ್ಲಿಸಿ, "ಒಲೆ ಆರ್ಸೇ" ಅಂತಾಳೆ, ಮತ್ತೆ ಅದೇ ಸಾಲಿಂದ ಎತ್ತಿಕೊಳ್ಳುತ್ತಾಳೆ. ಅಮ್ಮ ಕೈಯಲ್ಲಿ ಸೌಟು ಹಿಡಿದೇ ಬಾಗಿಲಲ್ಲಿ ನಿಂತಿದ್ದಳು.

ರಾತ್ರಿ ಬಸ್ಸಿಗೆ ಹೊರಟೆ. ಸೋಮವಾರ ಬೆಳಿಗ್ಗೆ ಅಪ್ಪನ ಫೋನ್. "ಸರಿಯಾಗಿ ಶುರುವಾಯ್ತು ಕಣೋ. ಬ್ಯಾಂಕಿಂದೂ ತೆರೀತು."